ಫರ್ಸಿ ಗಾಡಿ ಕಲಿತ ಬೇಸಿಗೆ

ಮೊನ್ನೆ ಕಲಬುರಗಿಯ ಸಿಗ್ನಲ್ಲೊಂದರಲ್ಲಿ ಹಸಿರು ದೀಪ ಬಿದ್ದರೂ ನನ್ನ ಮುಂದಿನ ಕಾರು ಕದಲಲಿಲ್ಲ. ಹಿಂದಿನ ಗಾಜಿಗೆ ಕೆಂಪು ಬಣ್ಣದ 'ಎಲ್' ಅಂಟಿಸಿದ್ದರು. ಕಾರು ಒಮ್ಮೆ ಕಪ್ಪೆಯಂತೆ ಮುಂದಕ್ಕೆ ಜಿಗಿದು ಬಂದ್ ಆಯಿತು. ಮತ್ತೆ ಚಾಲೂ ಆಯಿತು, ಮತ್ತೆ ಜಿಗಿಯಿತು. ಅಷ್ಟರಲ್ಲಿ ಹಿಂದಿದ್ದವರೆಲ್ಲ ಹಾರ್ನು ಒತ್ತಿ ಹಿಡಿದರು. ಹಾರ್ನು ಹೊಡೆದರೆ ಮುಂದಿನವರ ಇಂಜಿನ್ ಚಾಲೂ ಆಗುವುದಾದರೆ ಡೀಸೆಲ್ ಯಾಕೆ ಬೇಕಿತ್ತು? ನಾನು ಹ್ಯಾಂಡ್ ಬ್ರೇಕ್ ಎಳೆದು ಇಳಿದೇ ಹೋದೆ. ಸ್ಟೇರಿಂಗ್ ಹಿಂದೆ ಒಬ್ಬಳು ಹುಡುಗಿ ಬೆವರಿ ತೊಯ್ದು ಕೂತಿದ್ದಳು.

"ತಂಗಿ, ಹಾರ್ನ್ ಹೊಡಿಯೋರು ನಿನಗೇನು ಬೀಗರಲ್ಲ. ಹೊಡಕೊಳ್ಲಿ ಬಿಡು. ನ್ಯೂಟ್ರಲ್ ಮಾಡು, ಒಂದು ಉಸಿರು ತಗೊ. ಎಡಗಾಲು ಭಾಳ ಸಾವಕಾಶ ಬಿಡು, ನಿದ್ದಿ ಹತ್ತಿದ ಕೂಸಿನ್ನ ತೊಟ್ಲಾಗ ಹಾಕ್ದಂಗ."

ಹುಡುಗಿ ನಕ್ಕಳು. ಕಾರು ಹೊರಟಿತು. ಆದರೆ ಸುಟ್ಟ ಕ್ಲಚ್ಚಿನ ವಾಸನೆ ಅಲ್ಲೇ ಉಳಿಯಿತು. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಭಂಕೂರಿನ ಖಣಿಯ ತಳದಲ್ಲಿರುತ್ತೇನೆ. ಸುತ್ತ ಪದರು ಪದರಾದ ಕಲ್ಲಿನ ಗೋಡೆ, ಮೇಲೆ ಉರಿಯುವ ಆಕಾಶ, ಕಲ್ಲಿನ ರಾಶಿಯ ಮೇಲೆ ಕೊಡೆ ಹಿಡಿದು ಕೂತ ನನ್ನ ಗಂಡ.

ನಮ್ಮದು ಫರ್ಸಿ ಕಲ್ಲಿನ, ಎಂದರೆ ನೆಲಕ್ಕೆ ಹಾಸುವ ಚಪ್ಪಡಿಯ ವ್ಯಾಪಾರ. ಶಹಾಬಾದಿನ ಕಲ್ಲೆಂದರೆ ಎಲ್ಲರಿಗೂ ಗೊತ್ತು, ಅದರಲ್ಲಿ ನಾನು ಹೊಸದೇನೂ ಹೇಳಬೇಕಿಲ್ಲ. ನಾನು ಕಾಗಿಣಾ ದಂಡೆಯ ಊರಿನವಳು. ನಮ್ಮಪ್ಪ ಮೀನು ಹಿಡಿಯುತ್ತಿದ್ದ. ಮದುವೆಯಾಗಿ ಭಂಕೂರಿಗೆ ಬಂದಮೇಲೆ ಖಣಿಯಲ್ಲಿ ತಲೆ ಮೇಲೆ ಕಲ್ಲು ಹೊತ್ತೆ. ಹೊರುತ್ತಾ ಹೊರುತ್ತಾ ಯಾವ ಕಲ್ಲು ಒಳಗೆ ಟೊಳ್ಳು, ಯಾವ ಗಿರಾಕಿ ಒಳಗೆ ಗಟ್ಟಿ ಎಂಬುದನ್ನು ಕಲಿತೆ. ನಾನೂ ನಮ್ಮವರೂ ಸೇರಿ ಒಂದು ಪಾಲಿಶ್ ಶೆಡ್ ಹಾಕಿದೆವು, ಆಮೇಲೆ ಒಂದು ಸಣ್ಣ ಗೂಡ್ಸ್ ಗಾಡಿ ಕೊಂಡೆವು. ಮಾತು ನನ್ನದು, ಗಾಡಿ ಅವರದು. ಸೇಡಂ, ಚಿತ್ತಾಪುರ, ಗುಂಡಗುರ್ತಿ, ಅತ್ತ ಚಿಂಚೋಳಿ ದಾಟಿ ಕುಂಚಾವರಂ ಕಾಡಿನವರೆಗೂ ನಮ್ಮ ಕಲ್ಲು ಹೋಗುತ್ತಿತ್ತು. ತಿಪ್ಪಣ್ಣನ ಗಾಡಿಯಲ್ಲಿ ಕಲ್ಲು ಒಡೆಯುವುದಿಲ್ಲ ಎಂದು ಜನ ನಮ್ಮವರ ಬಗ್ಗೆ ಆಡುವ ಮಾತೇ ನಮ್ಮ ಅಂಗಡಿಯ ಬೋರ್ಡು.

ಆ ವರ್ಷ ಹೋಳಿ ಮುಗಿದ ಮೇಲೆ ನಮ್ಮವರಿಗೆ ಕಣ್ಣು ಮಂಜಾಯಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದರು ಡಾಕ್ಟರು. ಸೂಜಿ ಹಾಕಿದರು, ಔಷಧಿ ಬರೆದರು, ಕೊನೆಗೆ ಗಾಡಿ ಹೊಡೆಯಬೇಡಿ ಎಂದರು. ನಮ್ಮವರು ಅಳಲಿಲ್ಲ, ಬೈಯಲಿಲ್ಲ. ಮನೆಗೆ ಬಂದು ಗಾಡಿಯನ್ನು ಶೆಡ್ಡಿನ ನೆರಳಿಗೆ ಹಚ್ಚಿ ಅದರ ಮೇಲೆ ತಾಡಪತ್ರಿ ಹೊದಿಸಿದರು.

ಬಾಡಿಗೆ ಡ್ರೈವರುಗಳನ್ನು ಕರೆದು ನೋಡಿದೆವು. ಒಬ್ಬ ಗುಂಡಿಯಲ್ಲಿ ಹಾರಿಸಿ ಅರ್ಧ ಲೋಡು ಪುಡಿ ಮಾಡಿದ. ಇನ್ನೊಬ್ಬ ನಮ್ಮ ಗಿರಾಕಿಗೆ ದಾರಿಯಲ್ಲೇ ಬೇರೆ ಶೆಡ್ಡಿನ ಕಲ್ಲು ಗೊತ್ತು ಮಾಡಿಕೊಟ್ಟ. ನಮ್ಮವರ ಚಿಕ್ಕಪ್ಪನ ಮಗ, ತಾನೂ ಕಲ್ಲಿನ ಶೆಡ್ ಇಟ್ಟಿದ್ದ ಶಿವರಾಯ ಇದನ್ನೆಲ್ಲ ನೋಡುತ್ತಲೇ ಇದ್ದ. ಒಂದು ದಿನ ಬಂದು ಗಾಡಿಯ ಟೈರಿಗೆ ಕಾಲಿನಿಂದ ಒದ್ದು ನೋಡಿದ.

"ಅಣ್ಣಾ, ನಿಂತ ಗಾಡಿ ತುಕ್ಕು ಹಿಡೀತದ. ನನಗ ಕೊಡು. ನಿಮ್ಮ ಕಲ್ಲೂ ನಾನೇ ಹಾಕ್ತೀನಿ, ಯಾಕ ಚಿಂತಿ ಮಾಡ್ಲಿಕತ್ತೀದಿ?"

ನಾನು ವ್ಯಾಪಾರದವಳು, ನನಗೆ ತಿಳಿಯಿತು. ಗಾಡಿ ಅವನ ಕೈಗೆ ಹೋದರೆ ಗಿರಾಕಿಯೂ ಅವನ ಕೈಗೆ ಹೋದ ಹಾಗೆ. ಆಮೇಲೆ ನಾವು ಅವನ ಶೆಡ್ಡಿಗೆ ಕಲ್ಲು ತಿಕ್ಕುವ ಕೂಲಿಯವರಷ್ಟೇ.

"ಗಾಡಿ ಕೊಡಂಗಿಲ್ಲ. ನಾ ಹೊಡೀತೀನಿ" ಎಂದೆ.

ಶಿವರಾಯ ಚಹಾ ಕುಡಿಯುತ್ತಿದ್ದವನು ಕೆಮ್ಮಿದ. "ವೈನಿ, ಇದೇನು ಸಂತ್ಯಾಗ ಬದನಿಕಾಯಿ ಚೌಕಾಸಿ ಮಾಡ್ದಂಗಲ್ಲ. ಕಲಬುರಗ್ಯಾಗ ಸೂಪರ್ ಮಾರ್ಕೆಟ್ ಗದ್ಲದಾಗ ಒಂದ್ಸಲ ಗಾಡಿ ಹೊಡಕೊಂಡು ಬಾ, ಆಮ್ಯಾಲ ಮಾತಾಡು."

ನಮ್ಮವರು ಒಂದು ಮಾತು ಹೇಳಿದರು. "ಮಿರಗದ ಮಳಿ ಕೂಡೋತನ ನೋಡೂಣು. ಅಷ್ಟರಾಗ ಇಕಿ ಕಲಬುರಗಿಗಿ ಲೋಡು ಮುಟ್ಟಿಸಿದ್ರ ಗಾಡಿ ನಮ್ಮದು. ಇಲ್ಲಂದ್ರ ನಿನ್ನದು."

ಮಿರಗವೆಂದರೆ ಮೃಗಶಿರಾ ಮಳೆ, ಜೂನ್ ಮೊದಲ ವಾರ ಕೂಡುತ್ತದೆ. ಹಾಗೆ ನನ್ನ ಬೇಸಿಗೆ ಶುರುವಾಯಿತು.

ಕಲಿಸಲು ವಾಡಿಯ ಖಾಜಾ ಮಾಮಾನನ್ನು ಹಿಡಿದೆ. ಜೀವಮಾನವೆಲ್ಲ ಕಲ್ಲಿನ ಲಾರಿ ಹೊಡೆದು ಮನೆಯಲ್ಲಿ ಕೂತಿದ್ದ ಮನುಷ್ಯ. ಅವರ ಹೊಸ ಮನೆಯ ಅಂಗಳ ಇನ್ನೂ ಮಣ್ಣಿನದು ಎಂಬುದನ್ನು ನಾನು ಬಾಗಿಲಲ್ಲೇ ನೋಡಿಕೊಂಡಿದ್ದೆ.

"ಮಾಮಾ, ಫೀಸು ಅಂತ ಕೊಡಂಗಿಲ್ಲ. ಅಂಗಳಕ್ಕ ಪಾಲಿಶ್ ಕಲ್ಲು ಹಾಕಸ್ತೀನಿ. ಅರ್ಧ ಅಂಗಳ ಈಗ, ಇನ್ನರ್ಧ ನನಗ ಲೈಸೆನ್ಸ್ ಬಂದ ಮ್ಯಾಲ."

"ಅರೇ ಬೇಟಿ, ಅರ್ಧಾ ಅಂಗಳದಾಗ ನಮ್ಮಾಕಿ ಹ್ಯಾಂಗ ಹಪ್ಪಳ ಒಣಗಸ್ಬೇಕು?"

"ಅದಕ್ಕೇ ಅನ್ನೋದು, ಲಗೂನ ಕಲಸ್ರಿ."

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿತು. ವ್ಯಾಪಾರ ಕುದುರಿತು. ಕಲಿಯುವವರಿಗೆ ನನ್ನ ಮೊದಲ ಮಾತು ಇದೇ: ಕಲಿಸುವವರಿಗೂ ನೀವು ಬೇಗ ಕಲಿಯಲಿ ಎಂಬ ಗರಜು ಇರುವಂತೆ ನೋಡಿಕೊಳ್ಳಿ.

ಎಲ್‌ಎಲ್ ಎಂಬ ಕಲಿಕೆಯ ಲೈಸೆನ್ಸ್ ಕೈಗೆ ಬಂದ ಮರುದಿನ ಮಾಮಾ ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಖಣಿಗೆ ಗಾಡಿ ಇಳಿಸಿದರು. ಬೇಸಿಗೆಯಲ್ಲಿ ನೀರೆಲ್ಲ ಆರಿ ಅದರ ತಳ ಪರಾತದಂತೆ ಸಪಾಟಾಗಿರುತ್ತದೆ. ದನವಿಲ್ಲ, ಜನವಿಲ್ಲ, ಹೊಡೆದರೆ ಗೋಡೆಗೆ ಹೊಡೆಯಬೇಕು ಅಷ್ಟೇ. ಗಾಡಿಯ ಹಿಂದೆ ಖಾಜಾ ಮಾಮಾ ನಾಲ್ಕಾರು ಹಳೆಯ ಫರ್ಸಿಗಳನ್ನು ನೆಟ್ಟಗೆ ನಿಲ್ಲಿಸಿದರು. ಫರ್ಸಿಯನ್ನು ಯಾವತ್ತೂ ಹಾಸಿ ಹೇರಬಾರದು, ಹಾಸಿದರೆ ಒಂದು ಗುಂಡಿಗೇ ನಡು ಮುರಿಯುತ್ತದೆ. ಅಂಚಿನ ಮೇಲೆ ನಿಲ್ಲಿಸಬೇಕು, ಕಲ್ಲಿಗೂ ಕಲ್ಲಿಗೂ ನಡುವೆ ಜೋಳದ ಕಣಿಕೆ ತುರುಕಬೇಕು, ಹಗ್ಗ ಬಿಗಿಯಬೇಕು. ಆದರೆ ಮಾಮಾ ಕಣಿಕೆಯನ್ನೂ ಹಾಕಲಿಲ್ಲ, ಹಗ್ಗವನ್ನೂ ಸಡಿಲ ಬಿಟ್ಟರು.

"ಯಾಕ ಮಾಮಾ?"

"ಕಲ್ಲು ಮಾತಾಡ್ಬಾರದು. ಕಲ್ಲು ಮಾತಾಡ್ತು ಅಂದ್ರ ನೀ ತಪ್ಪು ಮಾಡಿದಿ ಅಂತ."

ಮೊದಲ ದಿನ ನನ್ನ ಕಲ್ಲುಗಳು ನೀರಿನ ನಳದ ಹತ್ತಿರ ಜಗಳಕ್ಕೆ ನಿಂತ ಹೆಂಗಸರಂತೆ ಮಾತಾಡಿದವು. ಕ್ಲಚ್ ಬಿಟ್ಟರೆ ಠಣ್, ಬ್ರೇಕ್ ತುಳಿದರೆ ಠಣ್, ಗೇರ್ ಬದಲಿಸಿದರೆ ಠಣ್. ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು ಎಳೆದೂ ಎಳೆದೂ ಪ್ಲೇಟು ಸುಟ್ಟು ಖಣಿಯ ತುಂಬ ಆ ವಾಸನೆ. ಕೊಡೆಯ ಕೆಳಗೆ ಕೂತ ನಮ್ಮವರಿಗೆ ಗಾಡಿ ಒಂದು ಬಿಳಿಯ ಚುಕ್ಕೆಯಂತೆ ಕಾಣುತ್ತಿತ್ತಂತೆ. ಕಿವಿ ಮಾತ್ರ ಚುರುಕು.

"ಎರಡನೇದು ಹಾಕ! ಇಂಜಿನ್ ಅಳ್ಳಿಕತ್ತದ, ಕೇಳವಲ್ದೇನು ನಿನಗ?" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಆಮೇಲೆ, "ಏ, ನನ್ನ ಗಾಡಿ ಕೊಲ್ಲಬ್ಯಾಡಲೇ!"

"ನಿಮ್ಮದಲ್ರಿ, ಮಿರಗದತನ ನಂದು!" ಎಂದು ನಾನೂ ಕೂಗುತ್ತಿದ್ದೆ. ಖಾಜಾ ಮಾಮಾ ಗಂಡ ಹೆಂಡಿರ ನಡುವೆ ಬರಬಾರದೆಂದು ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಿದ್ದರು.

ಬೇಸಿಗೆ ಏರಿದಂತೆ ಕಲ್ಲುಗಳ ಗದ್ದಲ ಇಳಿಯಿತು. ಯಾವಾಗ ಕಾಲು ಕೇಳತೊಡಗಿತೋ ಗೊತ್ತಿಲ್ಲ. ಒಂದು ಬೆಳಿಗ್ಗೆ ಖಣಿಯ ಸುತ್ತ ತಿರುಗಿ ಬಂದು ನಿಲ್ಲಿಸಿದಾಗ ಹಿಂದೆ ಒಂದು ಸಪ್ಪಳವೂ ಇರಲಿಲ್ಲ. ನಮ್ಮವರು ಎದ್ದು ನಿಂತು, "ಗಾಡಿ ಎಲ್ಲಿ ಹೋಯ್ತು?" ಎಂದರು. ಆ ದಿನ ನನಗೆ ಯಾರು ಬಂಗಾರ ಕೊಟ್ಟಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ.

ಆದರೆ ಒಂದು ವಿಷಯ ಈಗ ಹೊಳೆಯುತ್ತದೆ. ಒಮ್ಮೆಲೇ ಬ್ರೇಕ್ ತುಳಿಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ನಮ್ಮ ಕಡೆ ಅದು ಕಲಿಯುವ ವಿದ್ಯೆಯೇ ಅಲ್ಲ, ತಪ್ಪು. ಕಲ್ಲು ಹೇರಿದವರು ದೂರದಿಂದಲೇ ನೋಡಿ, ದೂರದಿಂದಲೇ ವೇಗ ಇಳಿಸಿ, ಬೆಣ್ಣೆಯಂತೆ ನಿಲ್ಲಬೇಕು. ಖಣಿಯಲ್ಲಿ ಅದು ನಡೆಯುತ್ತದೆ. ಊರ ರಸ್ತೆಯಲ್ಲೂ ಬಹುಮಟ್ಟಿಗೆ ನಡೆಯುತ್ತದೆ.

ಖಣಿಯಿಂದ ಮೇಲೆ ಬಂದು ರಸ್ತೆಗೆ ಇಳಿದೆವು. ಶಹಾಬಾದಿನ ಬಜಾರಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹೊಡೆಯುವವಳನ್ನು ನೋಡಿ ಪಾನ್ ಅಂಗಡಿಯ ಮುಂದಿನ ಗಂಡಸರು ಎದ್ದು ನಿಂತರು. "ಸರೀರೆಪ್ಪೋ, ಜೀವ ಉಳಸ್ಕೋರಿ, ಭೀಮಬಾಯಿ ಗಾಡಿ ಬಂತು!"

"ನಿಂತ್ಕೋರಿ, ಎಲ್ಲಿ ಹೋಗ್ತೀರಿ? ಹೆಂಗೂ ದಿನಾ ಅಲ್ಲೇ ನಿಂತಿರ್ತೀರಿ" ಎಂದೆ. ಮಾತಿಗೆ ಮಾತು ಕೊಡುವಾಗ ಗೇರು ತಪ್ಪಿ ಗಾಡಿ ಬಂದ್ ಆಯಿತು, ಅದು ಬೇರೆ ಮಾತು. ಕೂಲಿಗೆ ಹೊರಟ ಹೆಂಗಸರು ಮಾತ್ರ ಕೈ ಮಾಡಿ, "ಏ ಭೀಮಕ್ಕಾ, ನಮಗೂ ಹತ್ತಿಸ್ಕೋ!" ಎಂದು ಕೂಗಿದರು.

ವಾಡಿಯಲ್ಲಿ ರೈಲ್ವೆ ಗೇಟಿನ ಏರಿನಲ್ಲಿ ನಿಂತು ಗಾಡಿ ಹಿಂದಕ್ಕೆ ಜಾರದಂತೆ ಹೊರಡುವುದನ್ನು ಕಲಿತೆ. ಸಿಮೆಂಟಿನ ಗೂಡ್ಸ್ ರೈಲು ಮುಗಿಯುವುದೇ ಇಲ್ಲ, ಹಿಂದೆ ಆಟೋದವನು ನನ್ನ ಬಂಪರಿಗೆ ಮೂಗು ಹಚ್ಚಿ ನಿಂತಿರುತ್ತಾನೆ. ಅಂಥಲ್ಲಿ ಅಂಜಿಕೆಯೇ ಮಾಸ್ತರ, ಬೇರೆ ಯಾರೂ ಬೇಡ.

ಚಿತ್ತಾಪುರದ ಸಂತೆಯ ದಿನ ಮಾತ್ರ ಸೋತೆ. ಎದುರಿಗೆ ಬಸ್ಸು, ಬಲಕ್ಕೆ ಟಂಟಂ ಆಟೋ, ಎಡಕ್ಕೆ ಕುರಿ ಹಿಂಡು, ನಡುವೆ ಸೈಕಲ್ಲಿಗೆ ಕೋಳಿ ತೂಗುಹಾಕಿಕೊಂಡು ಹೊರಟ ಮುದುಕ. ಕೈಕಾಲು ಕಲ್ಲಾದವು. ರಸ್ತೆಯ ನಡುವೆಯೇ ನಿಂತುಬಿಟ್ಟೆ. ಖಾಜಾ ಮಾಮಾ ಬಾಗಿಲು ತೆರೆದು ಇಳಿದರು.

"ಎಲ್ಲಿ ಹೊಂಟ್ರಿ ಮಾಮಾ?"

"ಆ ಮೂಲ್ಯಾಗ ಮಿರ್ಚಿ ಭಜಿ ಚಲೋ ಮಾಡ್ತಾರ. ನೀ ಬರೋತನ ತಿಂತೀನಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಭಜಿ ತಿನ್ನಲು ಹೋದವರಿಗೆ ಏನು ಹೇಳುವುದು? ಹತ್ತು ದಿಕ್ಕಿನಿಂದ ಹಾರ್ನು. ಸ್ಟೇರಿಂಗ್ ಹಿಡಿದು ಸುಮ್ಮನೆ ಜನರ ಮುಖ ನೋಡುತ್ತ ಕೂತೆ. ನೋಡುತ್ತಿದ್ದಂತೆ ಒಂದು ಸಂಗತಿ ತಿಳಿಯಿತು. ಇವರೆಲ್ಲ ಚೌಕಾಸಿ ಮಾಡುತ್ತಿದ್ದಾರೆ! ಬಸ್ಸಿನವನು ಮೊದಲೇ ದೊಡ್ಡ ರೇಟು ಹೇಳಿ ಹೆದರಿಸುತ್ತಾನೆ, ಅವನು ಇಳಿಯುವುದಿಲ್ಲ, ಅವನಿಗೆ ಕೊಟ್ಟುಬಿಡಬೇಕು. ಟಂಟಂನವನು ಬಾಯಿ ಜೋರು, ಒಳಗೆ ಪುಕ್ಕಲ. ಚೂರು ಮುಂದೆ ಹೋದರೆ ಹಿಂದೆ ಸರಿಯುತ್ತಾನೆ. ಕೋಳಿ ಮುದುಕನ ಕಣ್ಣಲ್ಲಿ ಕಣ್ಣಿಟ್ಟು ತಲೆಯಾಡಿಸಿದರೆ ಅವನೇ ನಿಂತು ದಾರಿ ಕೊಡುತ್ತಾನೆ. ಕುರಿಯ ಹತ್ತಿರ ಚೌಕಾಸಿ ಇಲ್ಲ, ಕಾಯಬೇಕು. ಇಪ್ಪತ್ತು ವರ್ಷ ಅಂಗಡಿಯ ಕಟ್ಟೆಯ ಮೇಲೆ ನಾನು ಮಾಡಿದ ಕೆಲಸವೇ ಇದು!

ಒಂದನೇ ಗೇರು ಹಾಕಿದೆ. ಸ್ವಲ್ಪ ಕೊಟ್ಟೆ, ಸ್ವಲ್ಪ ತೆಗೆದುಕೊಂಡೆ. ಭಜಿ ಅಂಗಡಿಯ ಮುಂದೆ ನಿಲ್ಲಿಸಿದಾಗ ಮಾಮಾ ಕೈಯಲ್ಲಿದ್ದ ಕಾಗದದ ಪೊಟ್ಟಣ ನನ್ನ ಕಡೆ ಚಾಚಿದರು. "ಬಿಸಿ ಆರಿಲ್ಲ ಇನ್ನ. ಜಲ್ದಿನೇ ಬಂದಿ."

ಮೇ ಮುಗಿಯುವ ಹೊತ್ತಿಗೆ ಲೈಸೆನ್ಸ್ ಬಂತು. ಮಾಮಾನ ಇನ್ನರ್ಧ ಅಂಗಳಕ್ಕೆ ಕಲ್ಲು ಹಾಸಿಸಿದೆ. ಅವರ ಹೆಂಡತಿ ಅಂಚಿನಿಂದ ಅಂಚಿಗೆ ಬರಿಗಾಲಲ್ಲಿ ನಡೆದು ನೋಡಿದರು. ನನ್ನ ಆತ್ಮವಿಶ್ವಾಸ ಆಗ ಎಷ್ಟಿತ್ತೆಂದರೆ ಶಿವರಾಯ ಎದುರಾದರೆ ಬೇಕೆಂದೇ ಹಾರ್ನು ಹೊಡೆಯುತ್ತಿದ್ದೆ.

ಮಿರಗ ಕೂಡುವ ಹಿಂದಿನ ದಿನ ಕಲಬುರಗಿಯ ಒಬ್ಬ ಮಾಸ್ತರರ ಹೊಸ ಮನೆಗೆ ಲೋಡು. ಪಡಸಾಲೆಗೆ ಹಾಸುವ ದೊಡ್ಡ ಫರ್ಸಿ, ಕನ್ನಡಿಯಂತೆ ಪಾಲಿಶ್ ಮಾಡಿದ್ದು. ನಮ್ಮವರು ತಾವೇ ಕಣಿಕೆ ತುರುಕಿದರು, ಕೈಯಿಂದ ಸವರಿ ಸವರಿ ಹಗ್ಗ ಬಿಗಿದರು. ಆಮೇಲೆ ಎಡಗಡೆ ಸೀಟಿನಲ್ಲಿ ಹತ್ತಿ ಕೂತರು. ಆ ಸೀಟಿನಲ್ಲಿ ಅವರು ಹಿಂದೆಂದೂ ಕೂತವರಲ್ಲ, ಸೀಟಿನ ಬೆಲ್ಟು ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಮೋಡ ಕಟ್ಟಿತ್ತು, ಗಾಳಿ ಇರಲಿಲ್ಲ. ರಸ್ತೆಯುದ್ದಕ್ಕೂ ಅವರು ಹಿಂದಕ್ಕೆ ಕಿವಿ ಕೊಟ್ಟಿದ್ದರು, ನಾನೂ ಹಿಂದಕ್ಕೇ ಕಿವಿ ಕೊಟ್ಟಿದ್ದೆ. ಊರೊಳಗೆ ಬಂದಾಗ ಬಸ್ಸಿಗೆ ಕೊಟ್ಟೆ, ಆಟೋದಿಂದ ಕಿತ್ತುಕೊಂಡೆ, ಸರ್ಕಲ್ ಸುತ್ತಿದೆ. "ಹಂ" ಎಂದರು ನಮ್ಮವರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಸೂಪರ್ ಮಾರ್ಕೆಟಿನ ಗದ್ದಲ ಶುರುವಾಯಿತು. ಅದನ್ನೂ ಮುಕ್ಕಾಲು ದಾಟಿದೆ.

ನಿಂತಿದ್ದ ಬಸ್ಸಿನ ಮುಂದಿನಿಂದ ತಲೆಯ ಮೇಲೆ ಪುಂಡಿಪಲ್ಯೆ ಸೊಪ್ಪಿನ ಬುಟ್ಟಿ ಹೊತ್ತ ಒಬ್ಬ ಮುದುಕಿ ಒಮ್ಮೆಲೇ ನನ್ನ ಮುಂದೆ ಬಂದಳು. ಅವಳು ನನ್ನ ಕಡೆ ನೋಡಲೇ ಇಲ್ಲ, ನೋಡದವರ ಹತ್ತಿರ ಚೌಕಾಸಿ ಎಲ್ಲಿ? ಕಾಲು ಬ್ರೇಕಿನ ಮೇಲೆ ಹೋಯಿತು. ಹೋಗಿ, ಅಭ್ಯಾಸದ ಪ್ರಕಾರ ಮೆಲ್ಲಗೆ ಒತ್ತಿತು. ಬೆಣ್ಣೆಯಂತೆ. ಬುಟ್ಟಿ ಹತ್ತಿರವಾಗುತ್ತಲೇ ಇತ್ತು. ಹಿಂದೆ ಕನ್ನಡಿಯಂಥ ಕಲ್ಲು, ಪಕ್ಕದಲ್ಲಿ ಒಂದೂ ಕಲ್ಲು ಒಡೆಯದ ಮನುಷ್ಯ, ನಾಳೆ ಮಿರಗ. ಇದೆಲ್ಲ ಒಂದು ರೆಪ್ಪೆ ಬಡಿಯುವಷ್ಟರಲ್ಲಿ ತಲೆಯಲ್ಲಿ ಬಂದು ಹೋಯಿತು. ಆಮೇಲೆ ನಾನು ಸೀಟಿನಿಂದ ಎದ್ದು ನಿಂತು ತುಳಿದೆ.

ಗಾಡಿ ನೆಲ ಕಚ್ಚಿ ನಿಂತಿತು. ಹಿಂದೆ ಹಗ್ಗ ಹರಿಯಿತು. ಕಲ್ಲು ಒಡೆಯುವ ಸಪ್ಪಳ ಸಿಡಿಲಿನಂತಲ್ಲ, ಒಣ ಮರ ಮುರಿದಂತೆ ಇರುತ್ತದೆ. ಒಂದರ ಮೇಲೊಂದು, ಮುಗಿಯಿತು ಅಂದುಕೊಂಡಾಗ ಇನ್ನೊಂದು.

ಇಳಿದು ಓಡಿದೆ. ಗಾಡಿ ಮುದುಕಿಗೆ ತಾಗಿರಲಿಲ್ಲ. ಬೆಚ್ಚಿ ಬುಟ್ಟಿ ಕೈಬಿಟ್ಟು ಪಲ್ಯೆಯ ನಡುವೆ ಕೂತುಬಿಟ್ಟಿದ್ದಳು.

"ಏ ನಿನ್ನ ಗಾಡಿಗಿ ಬೆಂಕಿ ಹಚ್ಚಲಿ! ಕಣ್ಣು ಮನ್ಯಾಗಿಟ್ಟು ಬಂದೀದೇನು? ನೋಡಿಲ್ಲಿ, ಮುಂಜಾನಿ ಕಿತ್ತಿದ್ದು ಪಲ್ಯ!"

"ಯಮ್ಮಾ, ಪೆಟ್ಟು ಬಿತ್ತೇನು ಎಲ್ಲೆರೆ?"

"ನನಗೇನಾಗ್ತದ? ಪಲ್ಯ ಆರಿಸು ಮೊದಲ!"

ಆರಿಸಿದೆ. ಹಿಂದೆ ಇಡೀ ಕಲಬುರಗಿ ಹಾರ್ನು ಹೊಡೆಯುತ್ತಿತ್ತು. ಮುದುಕಿ ಒಂದೊಂದು ಸಿವುಡನ್ನೂ ಜಾಡಿಸಿ ನೋಡಿ ಬುಟ್ಟಿಗೆ ಹಾಕಿಸಿಕೊಂಡಳು. "ಎತ್ತು ತಲಿ ಮ್ಯಾಲ. ಸೀದಾ ಇಡು. ಹಾಂ. ಹೆಣ್ಮಗಳಾಗಿ ಗಾಡಿ ಹೊಡೀತೀದಿ, ಸಾವಕಾಶ ಹೋಗವಾ" ಎಂದು ಹೇಳಿ ಹಿಂದಿರುಗಿ ನೋಡದೆ ಹೋದಳು.

ಹತ್ತಿ ಕೂತೆ. ನಮ್ಮವರು ಮುಂದೆ ನೋಡುತ್ತಿದ್ದರು. ಅವರಿಗೆ ಏನು ಕಂಡಿತ್ತೋ, ಏನೂ ಕಂಡಿರಲಿಲ್ಲವೋ.

"ಎಷ್ಟು ಹೋದವು?"

"ನೋಡಿಲ್ರಿ."

ಗೇರು ಹಾಕಿದೆ.

ಮಾಸ್ತರರ ಮನೆಯ ಮುಂದೆ ಇಳಿಸಿದಾಗ ಮುಂದಿನ ಸಾಲು ಪೂರ್ತಿ ಸೀಳಿತ್ತು. "ಒಡದ ಕಲ್ಲು ನನಗ ಬ್ಯಾಡ್ರಿ" ಎಂದರು ಮಾಸ್ತರರು. ಆ ಸ್ಥಿತಿಯಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. ಗಟ್ಟಿ ಉಳಿದದ್ದನ್ನು ಪಡಸಾಲೆಗೆ ಹಚ್ಚಿಕೊಳ್ಳಿ, ಸೀಳಿದ್ದನ್ನು ಸಣ್ಣಗೆ ಕೊಯ್ದು ಹಿತ್ತಲಿನ ಬಚ್ಚಲಿಗೆ ಹಾಸಿಕೊಡುತ್ತೇನೆ, ಅದಕ್ಕೆ ಏನೂ ಕೊಡಬೇಡಿ, ಕಡಿಮೆ ಬಿದ್ದಷ್ಟು ನಾಳೆ ತರುತ್ತೇನೆ ಎಂದೆ. ಮಾಸ್ತರರು ಒಪ್ಪಿದರು. 'ನಾಳೆ ತರುತ್ತೇನೆ' ಎಂಬುದು ಬಾಯಿಂದ ಜಾರಿದ ಮೇಲೆ ನಾಳೆ ಗಾಡಿ ಯಾರದೋ ಎಂದು ನೆನಪಾಯಿತು. ನಮ್ಮವರು ಒಡೆದ ಕಲ್ಲಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತ ನಿಂತಿದ್ದರು.

ಮನೆಗೆ ಬಂದರೆ ಕಟ್ಟೆಯ ಮೇಲೆ ಶಿವರಾಯ. ಖಾಜಾ ಮಾಮಾ ಕೂಡ ಸುದ್ದಿ ಕೇಳಲು ವಾಡಿಯಿಂದ ಬಂದು ಕೂತಿದ್ದರು. ಗಾಡಿಯಲ್ಲಿ ತಿರುಗಿ ತಂದ ಸೀಳುಗಳನ್ನು ನೋಡಿ ಶಿವರಾಯ ನಾಲಿಗೆ ಲೊಚಗುಟ್ಟಿದ.

"ನಾ ಹೇಳಿದ್ದಿಲ್ಲೇನು ಅಣ್ಣಾ? ಇಷ್ಟು ವರ್ಷದಾಗ ನಿನ್ನ ಗಾಡ್ಯಾಗ ಹಿಂಗ ಆಗಿತ್ತೇನು?"

ನಮ್ಮವರು ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಬಂದು ಕೂತರು.

"ಇಲ್ಲ. ನಾ ಹೊಡದಿದ್ರ ಒಂದೂ ಒಡೀತಿದ್ದಿಲ್ಲ."

ನಾನು ಒಳಗೆ ಹೋಗಲು ತಿರುಗಿದೆ. ಖಾಜಾ ಮಾಮಾ ತಲೆ ತಗ್ಗಿಸಿದರು. ಶಿವರಾಯ ಆಗಲೇ ಕೀಲಿಗಾಗಿ ಕೈ ಮುಂದೆ ಮಾಡಿದ್ದ.

"ಕಲ್ಲು ಉಳಸಾಕ ಹೋಗಿ ಆ ಮುದುಕಿ ಮ್ಯಾಲ ಹಾಯಿಸ್ತಿದ್ದೆ" ಎಂದರು ನಮ್ಮವರು. "ಕಣ್ಣಿದ್ದಾಗೂ ನನ್ನ ಲಕ್ಷ್ಯ ಹಿಂದೇ ಇರ್ತಿತ್ತು ತಮ್ಮಾ. ಇಕಿ ಮುಂದ ನೋಡ್ತಾಳ. ಗಾಡಿ ಕೊಡಂಗಿಲ್ಲ, ನೀ ಚಹಾ ಕುಡಿ."

ಚಹಾ ನಾನೇ ಮಾಡಿದೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ, ಶಿವರಾಯನಂತೂ ಅರ್ಧ ಬಿಟ್ಟು ಎದ್ದ.

ಮರುದಿನ ಮಾಸ್ತರರ ಮನೆಗೆ ಕಡಿಮೆ ಬಿದ್ದ ಕಲ್ಲು ಹೇರಿದೆವು. ಮೊದಲ ಹನಿಗಳು ತಾಡಪತ್ರಿಯ ಮೇಲೆ ಬೀಳುತ್ತಿದ್ದವು. ನಾನು ಇಂಜಿನ್ ಚಾಲೂ ಮಾಡಿ ಕಾದೆ.

"ಹತ್ರಿ ಮತ್ತ."

"ನಾ ಯಾಕ? ಇಲ್ಲಿ ಕೆಲಸಿಲ್ಲೇನು ನನಗ?"

ಶೆಡ್ಡಿನಿಂದ ರಸ್ತೆಗೆ ತಿರುಗುವಾಗ ಕನ್ನಡಿಯಲ್ಲಿ ನೋಡಿದೆ. ಬಾಗಿಲಲ್ಲಿ ನಿಂತು ಕಿವಿ ಕೊಟ್ಟಿರುತ್ತಾರೆ ಅಂದುಕೊಂಡಿದ್ದೆ. ಅವರು ಆಗಲೇ ಬೆನ್ನು ತಿರುಗಿಸಿ ಪಾಲಿಶ್ ಮಷಿನ್ನಿನ ಮುಂದೆ ಕೂತಿದ್ದರು. ಅದರ ಗದ್ದಲದಲ್ಲಿ ನನ್ನ ಗಾಡಿ ಹೋದದ್ದು ಅವರಿಗೆ ಕೇಳಿರಲಾರದು.